ಅಣ್ಣನ ದುಡ್ಡಿದೆ, ವೀಸಾ ಯಾಕೆ ಸಿಗಲಿಲ್ಲ?

ನಮ್ಮ ಮನೆಗಳಿಗೆ ವೀಸಾ ಎಂಬ ಪದ ಹೊಸದಲ್ಲ. ಗಲ್ಫ್‌ಗೆ ಹೋಗುವವರಿಗೆ ಕಂಪೆನಿಯೇ ವೀಸಾ ಕಳಿಸುತ್ತದೆ. ಮೆಡಿಕಲ್ ಮಾಡಿಸಿ ವಿಮಾನ ಹತ್ತಿದರೆ ಆಯ್ತು. ಆದರೆ ವಿದ್ಯಾರ್ಥಿ ವೀಸಾ ಹಾಗಲ್ಲ. ಓದಿಸುವ ಶಕ್ತಿ ಇದೆ ಎಂದು ಮನೆಯವರೇ ಕಾಗದದಲ್ಲಿ ತೋರಿಸಬೇಕು.

ಈ ವಿಷಯದಲ್ಲಿ ಕರಾವಳಿಯ ನಮಗೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತ ಮನೆಗಳಿಗೂ ಇರುವ ತೊಡಕು ಒಂದೇ. ಅಲ್ಲಿ ಬಲ ಅಂದ್ರೆ ಹೊಲ, ಲಿಂಬೆ ತೋಟ, ತೊಗರಿ ಬೆಳೆ. ಇಲ್ಲಿ ಬಲ ಅಂದ್ರೆ ದುಬೈಯಲ್ಲಿರುವ ಅಣ್ಣ. ಎರಡೂ ಕಡೆ ಆಸರೆ ಇದೆ, ವೀಸಾ ಅಧಿಕಾರಿ ಒಪ್ಪುವ ದಾಖಲೆ ಇಲ್ಲ.

ಬ್ರಿಟನ್ನಿನ ನಿಯಮ ನೋಡಿ. ವಿಶ್ವವಿದ್ಯಾನಿಲಯ ಕೊಡುವ ‘ಕ್ಯಾಸ್’ನಲ್ಲಿ ನಮೂದಾದ ಮೊದಲ ವರ್ಷದ ಬಾಕಿ ಶುಲ್ಕ ಮತ್ತು ಗರಿಷ್ಠ 9 ತಿಂಗಳ ಜೀವನ ವೆಚ್ಚದಷ್ಟು ಹಣ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ಆ 28 ದಿನ ಮುಗಿದ 31 ದಿನದೊಳಗೆ ಅರ್ಜಿ ಹಾಕಬೇಕು. ಖಾತೆ ವಿದ್ಯಾರ್ಥಿಯದ್ದು ಅಥವಾ ತಂದೆ-ತಾಯಿಯದ್ದು ಆಗಿರಲಿ. ತಂದೆ-ತಾಯಿಯದ್ದಾದರೆ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಜೊತೆಗಿಡಬೇಕು. ಅಣ್ಣ, ಮಾಮನ ಖಾತೆ ನಡೆಯುವುದಿಲ್ಲ. ಹೊಲದ ಪಹಣಿ, ಮನೆಯ ಚಿನ್ನವೂ ಲೆಕ್ಕಕ್ಕಿಲ್ಲ. ಅಣ್ಣ ಕಳಿಸುವುದಾದರೆ ಮೊದಲೇ ಕಳಿಸಲಿ, ಕಳಿಸಿದ್ದು ಬ್ಯಾಂಕ್ ಮೂಲಕವೇ ಬರಲಿ.

ಜರ್ಮನಿಗೆ ಹೋಗುವವರು ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ನಲ್ಲಿ ವರ್ಷದ ಖರ್ಚು ಇಡುತ್ತಾರೆ. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ ಬೇಕು.

ಕೈಯಲ್ಲಿ ಅಷ್ಟು ಹಣ ಇಲ್ಲದವರು, ಬಡ್ಡಿ ಬೇಡ ಎನ್ನುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶಿ ವ್ಯಾಸಂಗ ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಸಾಲಕ್ಕೊಂದು ಮಿತಿ ಇದೆ. ಆದಾಯ ಕಡಿಮೆ ಇರುವ ಕುಟುಂಬಕ್ಕೆ ಬಡ್ಡಿಯಿಲ್ಲ, ಆದರೆ ಆಸ್ತಿ ಅಡಮಾನ ಇಡಬೇಕು. ವೀಸಾಕ್ಕೆ ಲೆಕ್ಕವಾಗದ ಹೊಲ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ತೊಡಕು ಹೆಸರು. ವಿಜಯಪುರದ ಕಡೆ ಮುಲ್ಲಾ, ಬಾಗವಾನ, ನದಾಫ ಎಂದು ಮನೆತನದ ಹೆಸರಿರುತ್ತದೆ. ನಮ್ಮಲ್ಲಿ ತಂದೆಯ ಹೆಸರಿನ ಇನಿಶಿಯಲ್. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಟುಂಬನಾಮವಾಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಎಸೆಸೆಲ್ಸಿ ಅಂಕಪಟ್ಟಿ ಕೈಗೆ ಬಂದಾಗಲೇ ಹೆಸರು ಸರಿಯಿದೆಯೇ ನೋಡಿಕೊಳ್ಳೋಣ.

ಮಗಳೋ ಮಗನೋ ಹೊರಗೆ ಓದುತ್ತೇನೆ ಅಂದರೆ ಏಜೆಂಟನ ಬಳಿ ಓಡುವ ಮೊದಲು, ಒಂದು ವರ್ಷ ಮುಂಚೆಯೇ, ಮನೆಯ ಕಾಗದದ ಪೆಟ್ಟಿಗೆ ತೆರೆಯೋಣ. ಸೀಟು ಸಿಕ್ಕ ಮೇಲೆ 28 ದಿನಗಳನ್ನು ಯಾರೂ ಸಾಲ ಕೊಡುವುದಿಲ್ಲ.