ಮಾಡಿನ ಅಂದಾಜುಪಟ್ಟಿ: ತಪ್ಪು ಕಲ್ಪನೆ ಮತ್ತು ಸತ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಅಡಕೆಯ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ, ಮುಂದಿನ ಮಳೆಗಾಲದೊಳಗಾಗಿ ಹಳೆಯ ಮಾಡನ್ನು ತೆಗೆಸಿ ಹೊಸತನ್ನು ಕಟ್ಟಿಸಬೇಕೆಂಬ ಗೃಹಸ್ಥನು ಮೂವರು ಗುತ್ತಿಗೆದಾರರಿಂದ ಅಂದಾಜುಪಟ್ಟಿಗಳನ್ನು ತರಿಸಿ, ಒಂದೊಂದರ ಕೊನೆಯ ಸಾಲನ್ನು ಮಾತ್ರ ನೋಡಿ, ಎಲ್ಲಕ್ಕಿಂತ ಕಡಮೆಯಾದುದಕ್ಕೆ ಒಪ್ಪಿಗೆ ಕೊಡುವುದು ರೂಢಿಯಾಗಿದೆ. ಮೂರು ಪಟ್ಟಿಗಳೂ ಒಂದೇ ಕೆಲಸವನ್ನು ಕುರಿತವೆಂಬ ನಂಬಿಕೆ ಇದರ ಮೂಲ. ಆ ನಂಬಿಕೆ ಬಹುಮಟ್ಟಿಗೆ ಅಸತ್ಯವಾದುದು.

ಚದರಡಿಯ ದರವನ್ನು ಹೋಲಿಸಿದರೆ ಸಾಕೆನ್ನುವವರು ಮೊದಲು ಕೇಳತಕ್ಕದ್ದು, ಅದು ಯಾವುದರ ಚದರಡಿ ಎಂಬುದನ್ನು. ಒಬ್ಬನು ಸೂರಿನಿಂದ ಸೂರಿಗೆ ನೆಲದ ಮೇಲೆಯೇ ಟೇಪು ಹಿಡಿಯುತ್ತಾನೆ. ಮತ್ತೊಬ್ಬನು ಏಣಿ ಹತ್ತಿ ನೆತ್ತಿಯಿಂದ ಸೂರಿನವರೆಗೆ ಇಳಿಜಾರಿನ ಗುಂಟ ಅಳೆಯುತ್ತಾನೆ. ಇಳಿಜಾರು 30 ಡಿಗ್ರಿಯಿದ್ದರೆ, ನೆಲದಳತೆಯಲ್ಲಿ 1000 ಚದರಡಿಯಾದ ಮಾಡು ಇಳಿಜಾರಿನಳತೆಯಲ್ಲಿ ಸುಮಾರು 1155 ಚದರಡಿಯಾಗುವುದು. ಮೊದಲಿನವನು 110 ರೂಪಾಯಿಯ ದರ ಬರೆದನೆಂದೂ ಎರಡನೆಯವನು 100 ರೂಪಾಯಿ ಬರೆದನೆಂದೂ ಭಾವಿಸಿದರೆ, ಮೊತ್ತಗಳು ಕ್ರಮವಾಗಿ 1,10,000 ಮತ್ತು 1,15,500 ಆಗಿ, ಅಗ್ಗವೆಂದು ಕಂಡ ದರವೇ ತುಟ್ಟಿಯಾಗಿ ಪರಿಣಮಿಸುತ್ತದೆ. ಮಾಡು ಕಡಿದಾದಷ್ಟೂ ಈ ಅಂತರ ಹಿಗ್ಗುತ್ತದೆ.

ಹಂಚು ಬದಲಾದರೆ ಮಾಡು ಹೊಸತಾಯಿತೆಂಬುದು ಇನ್ನೊಂದು ಕಲ್ಪನೆ. ವರ್ಷವರ್ಷವೂ ಅಡಕೆಯ ಸೋಗೆ ಹೊದಿಸುತ್ತಿದ್ದ ಈ ಸೀಮೆಗೆ, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹೂಡಿದ ತರುವಾಯ ಕ್ರಮೇಣ ಹಂಚು ಬಂದಿತಾದರೂ, ಹೊದಿಕೆಯೇ ಸರ್ವಸ್ವವೆಂಬ ಎಣಿಕೆ ಸೋಗೆಯ ಕಾಲದ್ದೇ ಉಳಿಯಿತೆಂದು ನನಗೆ ತೋರುತ್ತದೆ. 100 ಚದರಡಿಗೆ ಸುಮಾರು 150 ಹಂಚು, ಅಂದರೆ ಹೆಚ್ಚುಕಡಮೆ ನಾಲ್ಕು ಕ್ವಿಂಟಲ್ ಭಾರ. ಅದನ್ನು ಹೊರುವುದು ಹಂಚಿನಡಿಯ ಮರದ ಪಕಾಸು, ರೀಪುಗಳು. ಒರಲೆ ಅವುಗಳಲ್ಲಿ ಎಷ್ಟನ್ನು ತಿಂದಿದೆಯೆಂಬುದು ಹಂಚಿಳಿಸಿದ ಮೇಲಲ್ಲದೆ ತಿಳಿಯದು. ಆದುದರಿಂದ ‘ಮರದ ಕೆಲಸ ಪ್ರತ್ಯೇಕ’ ಎಂದಷ್ಟೇ ಬರೆದು ಮೊತ್ತವನ್ನು ತಗ್ಗಿಸಿ ತೋರಿಸುವ ಪಟ್ಟಿಗಿಂತ, ಬದಲಿಸಬೇಕಾದ ಮರಕ್ಕೆ ಘನ ಅಡಿಗಿಷ್ಟು, ರೀಪಿಗೆ ಅಡಿಗಿಷ್ಟು ಎಂದು ಮುಂಚಿತವಾಗಿಯೇ ದರ ಕಟ್ಟಿದ ಪಟ್ಟಿ, ನೋಡಲು ದೊಡ್ಡದಾದರೂ, ವಿಶ್ವಾಸಾರ್ಹವಾದುದು.

ಹಂಚೆಲ್ಲ ಒಂದೇ ಎನ್ನುವುದೂ ಸಲ್ಲದು. ಹಂಚನ್ನು ಮಗುಚಿದರೆ ಅದರ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಂಗಗಳು ಒಡೆದುಹಾಕಿದ ಹಂಚಿನ ಜಾಗಕ್ಕೆ ಬೇರೆ ಅಚ್ಚಿನದನ್ನು ತಂದಿಟ್ಟರೆ ತೋಡೂ ಏಣೂ ಒಂದಕ್ಕೊಂದು ಕೂಡಿಕೊಳ್ಳದೆ, ಆಷಾಢದ ಗಾಳಿಮಳೆ ಆ ಸಂದಿನಿಂದಲೇ ಅಟ್ಟಕ್ಕಿಳಿಯುವುದು. ಹಂಚಿನ ಅಚ್ಚು ಬದಲಾದರೆ ರೀಪುಗಳ ನಡುವಣ ಅಂತರವೂ ಬದಲಾಗಬೇಕಾಗಬಹುದು. ಹಂಚು ಯಾವ ಕಾರ್ಖಾನೆಯದು, ಒಳಮೂಲೆಯ ತಗಡು ಎಷ್ಟು ದಪ್ಪದ್ದು ಎಂಬುದನ್ನು ಪಟ್ಟಿಯಲ್ಲಿ ಹೆಸರಿಸಿ ಬರೆಸಬೇಕು. ಶೀಟು ಹೊದಿಸುವವರಿಗೂ ಇದೇ ಮಾತು: ಮಿಲಿಮೀಟರು ನಮೂದಿಸದ ಶೀಟಿನ ದರ ಹೋಲಿಕೆಗೆ ಬಾರದು.

ಇಳಿಸಿದ ಹಳೆಯ ಹಂಚು ಮತ್ತು ಗಟ್ಟಿ ಮರ ಗುತ್ತಿಗೆದಾರನಿಗೆ ಸಹಜವಾಗಿ ಸೇರುತ್ತವೆಂದು ಅನೇಕರು ತಿಳಿದಿದ್ದಾರೆ. ಅವು ಮನೆಯವರ ಸ್ವತ್ತು. ಅವನೇ ಒಯ್ಯುವುದಾದರೆ ಅವುಗಳ ಬೆಲೆ ಮೊತ್ತದಿಂದ ಕಳೆಯಲ್ಪಟ್ಟಿರಬೇಕು, ಆ ಲೆಕ್ಕವೂ ಮೂರು ಪಟ್ಟಿಗಳಲ್ಲಿಯೂ ಕಾಣಬೇಕು.