ರಕ್ತನಾಳಕ್ಕೂ ಹೊಲಿಗೆ
ಮಕ್ಕಳೇ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋ ಮಿಷನ್ ಸದ್ದು ಕೇಳಿದ್ದೀರಲ್ಲ? ಪ್ಯಾಂಟಿನ ಹೊಲಿಗೆ ಸ್ವಲ್ಪ ಬಿಟ್ಟರೂ ನಡೆಯುತ್ತೆ, ರಕ್ತನಾಳದಲ್ಲಿ ನಡೆಯಲ್ಲ.

1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಲಿಯೋನ್ ನಗರದಲ್ಲಿ ಚೂರಿ ಇರಿತವಾಯಿತು. ಯಕೃತ್ತಿಗೆ ರಕ್ತ ಒಯ್ಯುವ ಅಭಿಧಮನಿ ಹರಿದಿತ್ತು. ಅದನ್ನು ಹೊಲಿಯೋ ವಿದ್ಯೆ ಆಗ ವೈದ್ಯರಿಗೆ ಗೊತ್ತಿರಲಿಲ್ಲ, ಅವರು ತೀರಿಕೊಂಡರು. ಅದೇ ಊರಿನ ಅಲೆಕ್ಸಿಸ್ ಕ್ಯಾರೆಲ್ ಈ ವಿದ್ಯೆಯ ಬೆನ್ನು ಹತ್ತಿದರು. ಕಸೂತಿ ಹಾಕುವ ಹೆಂಗಸಿನ ಹತ್ತಿರ ಹೋಗಿ ಸಣ್ಣ ಸೂಜಿ, ನವಿರು ದಾರ ಆಡಿಸೋದು ಕಲಿತರು. ಡಾಕ್ಟರು ಕಸೂತಿ ಕಲಿಯೋದಾ ಅಂತ ನಗಬೇಡಿ!

ದುಂಡನೆಯ ನಾಳದ ಅಂಚಿಗೆ ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಭುಜವಾಗುತ್ತೆ. ಆಗ ಒಂದೊಂದು ಬಾಹುವನ್ನೂ ನೇರವಾಗಿ ಹೊಲಿಯಬಹುದು. 1902ರಲ್ಲಿ ಈ ವಿಧಾನ ಪ್ರಕಟಿಸಿದರು. 1912ರಲ್ಲಿ ನೊಬೆಲ್ ಬಂತು. ಹಳೇ ಅಂಗಿಯ ತೋಳನ್ನು ಮೂವರು ಹಿಡಿದೆಳೆದು ನೋಡಿ, ತ್ರಿಭುಜ ಕಾಣುತ್ತೆ.