ಕೇಳಲು ತಾವು ಯಾರು?

‘ವಜಾ’ ಎಂಬುದು ಅರಬ್ಬಿ ಮೂಲದ ಮಾತು. ಲೆಕ್ಕದಲ್ಲಿ ಕಳೆಯುವುದೂ ವಜಾ, ನೌಕರನನ್ನು ಕೆಲಸದಿಂದ ತೆಗೆಯುವುದೂ ವಜಾ, ದಾವೆಯನ್ನು ತಳ್ಳಿಹಾಕುವುದೂ ವಜಾ. ಕನ್ನಡ ಪಾಠ ಹೇಳುವ ನನಗೆ ಇವುಗಳ ನಡುವಣ ನಂಟು ಮನದಟ್ಟಾದುದು ಅಮೆರಿಕದ ಒಂದು ಮೊಕದ್ದಮೆಯ ಕಥೆಯಿಂದ.

ಕ್ಯಾಲಿಫೋರ್ನಿಯದ ಮೈಕೇಲ್ ನ್ಯೂಡೌ ಅವರು ವೈದ್ಯರು; ಕಾನೂನನ್ನೂ ಓದಿದವರು; ನಾಸ್ತಿಕರು. ಅವರ ಮಗಳು ಓದುತ್ತಿದ್ದ ಎಲ್ಕ್ ಗ್ರೋವ್‌ನ ಸರ್ಕಾರಿ ಶಾಲೆಯಲ್ಲಿ ದಿನವೂ ಉಪಾಧ್ಯಾಯರು ಮಕ್ಕಳಿಂದ ಧ್ವಜಪ್ರತಿಜ್ಞೆ ಹೇಳಿಸುತ್ತಿದ್ದರು. 1892ರಲ್ಲಿ ಫ್ರಾನ್ಸಿಸ್ ಬೆಲ್ಲಮಿ ಬರೆದ ಈ ಪ್ರತಿಜ್ಞೆಯಲ್ಲಿ ಮೊದಲು ದೇವರ ಹೆಸರಿರಲಿಲ್ಲ. ಬರೆದವರು ಪಾದ್ರಿ ಎಂಬುದು ಸ್ವಾರಸ್ಯ! ‘ದೇವರ ಅಧೀನದಲ್ಲಿ’ ಎಂಬರ್ಥದ ಮಾತು ಸೇರಿದ್ದು 1954ರ ಜೂನ್ 14ರಂದು, ಕಾನೂನಿನ ಮೂಲಕ. ಇಷ್ಟವಿಲ್ಲದ ಮಗು ಹೇಳದೆ ಇರಬಹುದೆಂದು ಸರ್ವೋಚ್ಚ ನ್ಯಾಯಾಲಯ 1943ರಲ್ಲೇ ತೀರ್ಮಾನಿಸಿತ್ತು, ನಿಜ. ಆದರೆ ಬಾಯಿ ಮುಚ್ಚಿ ನಿಂತ ಮಗು ಕಿವಿ ಮುಚ್ಚಿಕೊಳ್ಳಲಾದೀತೆ? ಸರ್ಕಾರದ ಸಂಬಳ ಪಡೆಯುವ ಗುರುವೇ ದೇವರುಂಟೆಂದು ದಿನವೂ ಹೇಳಿಸಿದರೆ, ದೇವರಿಲ್ಲವೆನ್ನುವ ತಂದೆಯ ಮಾತಿಗೆ ಮನೆಯಲ್ಲಿ ಏನು ಬೆಲೆ? ನ್ಯೂಡೌ ಅವರ ತಕರಾರು ಇದು.

2000ದಲ್ಲಿ ದೇಶದ ಸರ್ಕಾರವನ್ನೂ ಅಧ್ಯಕ್ಷರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಅವರು ದಾವೆ ಹೂಡಿದರು. ವಕೀಲರನ್ನಿಡಲಿಲ್ಲ. ಕೆಳಗಿನ ನ್ಯಾಯಾಲಯ ವಜಾ ಮಾಡಿತು. 2002ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅವರ ಪರ ನಿಂತಿತು. ದೇಶವೆಲ್ಲ ಕೋಲಾಹಲ.

2004ರ ಮಾರ್ಚ್ 24ರಂದು ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ತಾವೇ ವಾದಿಸಿದರು. 1954ರಲ್ಲಿ ಶಾಸನಸಭೆ ಒಮ್ಮತದಿಂದ ಒಪ್ಪಿದ ಮಾತು ಜನರನ್ನು ಒಡೆಯುವಂಥದೆಂದು ತೋರುವುದಿಲ್ಲವಲ್ಲ ಎಂದರು ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟ್. ನಾಸ್ತಿಕನಾದವನು ಚುನಾವಣೆಯಲ್ಲಿ ಗೆಲ್ಲಲಾರನಾದ್ದರಿಂದಲೇ ಆ ಒಮ್ಮತ ಎಂದುತ್ತರಿಸಿದರು ನ್ಯೂಡೌ. ಸಭಾಂಗಣದಲ್ಲಿ ಚಪ್ಪಾಳೆ! ಇನ್ನೊಮ್ಮೆ ಹೀಗಾದರೆ ಎಲ್ಲರನ್ನೂ ಹೊರಗೆ ಕಳಿಸುವುದಾಗಿ ಮುಖ್ಯ ನ್ಯಾಯಾಧೀಶರು ಗದರಿಸಬೇಕಾಯಿತು. ಬಾಡಿಗೆಯ ನಾಲಗೆಗೆ ಇಂಥ ಉತ್ತರ ಹೊಳೆಯುತ್ತಿತ್ತೆಂದು ನನಗನಿಸದು.

ತೀರ್ಪು ಬಂದದ್ದು ಜೂನ್ 14ರಂದು, ಆ ಮಾತು ಸೇರಿ ಸರಿಯಾಗಿ ಐವತ್ತು ವರ್ಷಕ್ಕೆ. ಮಗಳ ವಿಷಯದಲ್ಲಿ ಕೊನೆಯ ಮಾತು ತಾಯಿಯದೆಂದು ಕ್ಯಾಲಿಫೋರ್ನಿಯದ ನ್ಯಾಯಾಲಯ ಆದೇಶಿಸಿತ್ತು; ಪ್ರತಿಜ್ಞೆಗೆ ಆಕೆಯ ಆಕ್ಷೇಪವಿರಲಿಲ್ಲ. ಆದಕಾರಣ ಈ ದಾವೆ ಹೂಡುವ ಅರ್ಹತೆ ತಂದೆಗಿಲ್ಲವೆಂದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಪ್ರತಿಜ್ಞೆಯ ಮಾತು ಸರಿಯೇ, ತಪ್ಪೇ? ಬಹುಮತದ ತೀರ್ಪು ಅದನ್ನು ಮುಟ್ಟಲೇ ಇಲ್ಲ. ರೆನ್‌ಕ್ವಿಸ್ಟರೂ ಇನ್ನಿಬ್ಬರೂ ಮಾತ್ರ, ಪ್ರಶ್ನೆಗೆ ಉತ್ತರ ಕೊಡಬೇಕಿತ್ತು, ಪ್ರತಿಜ್ಞೆ ಸಂವಿಧಾನಕ್ಕೆ ಒಪ್ಪುವಂಥದೇ ಎಂದು ಬೇರೆಯಾಗಿ ಬರೆದರು.

ತಾಯಿಗೂ ಮಗುವಿಗೂ ತಮ್ಮದೇ ಮನಸ್ಸಿದೆ. ತಂದೆಯ ಸಿದ್ಧಾಂತಕ್ಕೆ ಮಗು ಬಾವುಟವಾಗಬಾರದು. ಅಷ್ಟರಮಟ್ಟಿಗೆ ಈ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೂ ರೆನ್‌ಕ್ವಿಸ್ಟರ ಉತ್ತರವನ್ನೊಪ್ಪದ ನಾನು, ಉತ್ತರ ಕೊಡಬೇಕಿತ್ತೆಂಬ ಅವರ ಹಟವನ್ನು ಮೆಚ್ಚುತ್ತೇನೆ. ನಾಲ್ಕು ವರ್ಷ ಕೇಳಿಸಿಕೊಂಡ ಮೇಲೆ ‘ಕೇಳಲು ತಾವು ಯಾರು?’ ಎಂದಂತಾಯಿತು. ತನ್ನ ಪರವಾಗಿ ತಾನೇ ನಿಂತವನಿಗೆ ಇದ್ದ ಬಂಡವಾಳವೆಂದರೆ ತಾನು ತಂದೆ ಎಂಬುದೊಂದೇ. ಕಳೆದದ್ದು ಅದನ್ನೇ.

2005ರಲ್ಲಿ ನ್ಯೂಡೌ ಬೇರೆ ತಂದೆತಾಯಿಯರನ್ನು ಕೂಡಿಕೊಂಡು ಮತ್ತೆ ದಾವೆ ಹೂಡಿದರು. 2010ರಲ್ಲಿ ಮೇಲ್ಮನವಿಯ ನ್ಯಾಯಾಲಯ ಈ ಸಲ ಪ್ರಶ್ನೆಯನ್ನೇ ಎತ್ತಿಕೊಂಡು, ಇಬ್ಬರು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆಯಾಗಿ, ಪ್ರತಿಜ್ಞೆಯ ಮಾತು ಸರಿಯೆಂದಿತು.